ಇಂದಿನ ಧಮ್ಮ ಚಿಂತನೆ: ಹಡಗಿನ ಕಟ್ಟು



ಕಳೆದ ಡಿಸೆಂಬರಿನಲ್ಲಿ ಶಾಲಾ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಮಂಗಳೂರಿನ ಹಳೇ ಬಂದರಿನಲ್ಲಿ ಮಂಜಿಗಳನ್ನು ನೋಡಿದೆ. ಮರದ ದೊಡ್ಡ ಸರಕು ಹಡಗುಗಳು. ಒಂದು ಕಾಲಕ್ಕೆ ಹಾಯಿ ಬಿಚ್ಚಿ, ಹೆಂಚು ತುಂಬಿಕೊಂಡು ಮುಂಬೈವರೆಗೆ ಹೋಗುತ್ತಿದ್ದವು. ಈಗ ಎಂಜಿನ್ ಇಟ್ಟುಕೊಂಡು ಲಕ್ಷದ್ವೀಪಕ್ಕೆ ದಿನಸಿ, ತರಕಾರಿ, ಸಿಮೆಂಟು, ಜಲ್ಲಿ ಸಾಗಿಸುತ್ತವೆ. ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಒಬ್ಬ ಖಲಾಸಿಯನ್ನು ಕೇಳಿದೆ. "ಓಡಾಟ ಬಂದ್ ಸರ್. ದಡಕ್ಕೆ ತಂದು ಮೇಲೆ ಹೊದಿಕೆ ಹಾಕ್ತೇವೆ, ಇಲ್ಲದಿದ್ರೆ ಮರ ಹಾಳಾಗ್ತದೆ" ಎಂದರು.

ಸಂಯುತ್ತ ನಿಕಾಯದಲ್ಲಿ ಭಗವಾನರು ಒಂದು ಕಡಲ ಹಡಗಿನ ಉಪಮೆ ಕೊಡುತ್ತಾರೆ. ಆ ಹಡಗನ್ನು ಬಿಗಿದಿರುವುದು ಬೆತ್ತದ ಕಟ್ಟು. (ಅರಬ್ಬೀ ಸಮುದ್ರದಲ್ಲೂ ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿಯುವ ಪದ್ಧತಿ ಬಹುಕಾಲ ಇತ್ತು.) ಆರು ತಿಂಗಳು ನೀರಿನಲ್ಲಿ ಸವೆದ ಹಡಗನ್ನು ಚಳಿಗಾಲದಲ್ಲಿ ದಡಕ್ಕೆ ಎಳೆಯುತ್ತಾರೆ. ಗಾಳಿ ಬಿಸಿಲಿಗೆ ಕಟ್ಟು ಜೀರ್ಣವಾಗುತ್ತದೆ, ಮಳೆ ಬಿದ್ದಾಗ ಕೊಳೆತು ಕಳಚುತ್ತದೆ. ಸಾಧನೆಯಲ್ಲಿ ತೊಡಗಿದವರ ಮನಸ್ಸಿನ ಬಂಧನಗಳೂ ಹಾಗೆಯೇ ಸುಲಭವಾಗಿ ಕಳಚುತ್ತವೆ.

ಇದನ್ನು ನಾನು ಬಹಳ ದಿನ ನನಗೆ ಅನುಕೂಲವಾಗುವಂತೆ ಓದಿಕೊಂಡಿದ್ದೆ. ದೀಕ್ಷೆ ಆಯಿತು, ಹಡಗು ದಡ ಸೇರಿತು, ಉಳಿದದ್ದನ್ನು ಕಾಲ ನೋಡಿಕೊಳ್ಳುತ್ತದೆ ಎಂದು. ಅದೇ ಸುತ್ತದಲ್ಲಿ ಕೋಳಿಯ ಉಪಮೆಯೂ ಇದೆ: ಮರಿ ಹೊರಬರಲಿ ಎಂದು ಬಯಸಿದರೆ ಸಾಲದು, ಕೂತು ಕಾವು ಕೊಡಬೇಕು. ಅದನ್ನು ಹಾರಿಸಿಬಿಟ್ಟಿದ್ದೆ.

ಹೋದ ತಿಂಗಳು ಅಕ್ಕನ ಮಗಳಿಗೆ ಒಂದು ಸಂಬಂಧ ಬಂತು. ಅವರೂ ದೀಕ್ಷೆ ಪಡೆದ ಕುಟುಂಬ. ಫೋನಿನಲ್ಲಿ ಹುಡುಗನ ಓದು, ಕೆಲಸ ಎಲ್ಲ ವಿಚಾರಿಸಿದ ಮೇಲೆ ನನ್ನ ಬಾಯಿಂದಲೇ ಬಂತು, "ನಿಮ್ಮದು ಎಡಗೈಯೋ ಬಲಗೈಯೋ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗನ ತಂದೆ, "ಮೇಷ್ಟ್ರೇ, ನಾವು ಬೌದ್ಧರಲ್ವಾ?" ಎಂದರು.

ಖಲಾಸಿಗಳು ಹಡಗು ಉಳಿಯಲೆಂದು ಹೊದಿಸುತ್ತಾರೆ, ಅದು ಅವರ ಅನ್ನ. ನಾನು ಏನು ಉಳಿಯಲೆಂದು ಹೊದಿಸಿದ್ದೆ? ಮನೆಯಲ್ಲಿ ತ್ರಿಸರಣ, ಏಪ್ರಿಲ್ 14ರ ಮೆರವಣಿಗೆ, ಅಕ್ಟೋಬರ್ 14ರಂದು 22 ಪ್ರತಿಜ್ಞೆ. ಇವೆಲ್ಲದರ ಅಡಿಯಲ್ಲಿ ಆ ಎಡ-ಬಲದ ಕಟ್ಟು ಒಂದು ಹನಿ ತಾಗದೆ ಭದ್ರವಾಗಿ ಕೂತಿತ್ತು. ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಮದುವೆಯ ಕಡೆಗೆ ಬೆರಳು ತೋರಿಸಿದ್ದರು. ತರಗತಿಯಲ್ಲಿ ಅದನ್ನು ಚೆನ್ನಾಗಿಯೇ ಹೇಳುತ್ತೇನೆ.

ಮೊನ್ನೆ ಫೋನ್ ಮಾಡಿ ಅವರ ಕ್ಷಮೆ ಕೇಳಿದೆ. ಭಾನುವಾರ ಬನ್ನಿ ಎಂದಿದ್ದಾರೆ. ಅಲ್ಲಿ ಯಾರೂ ಆ ಪ್ರಶ್ನೆ ಎತ್ತಬಾರದು ಎಂದು ಅಕ್ಕನಿಗೆ ಹೇಳಿದ್ದೇನೆ. ಅಕ್ಕ ಇನ್ನೂ ಹೂಂ ಅಂದಿಲ್ಲ.