ವ್ರತಿಯ ತಟ್ಟೆ, ರೋಗಿಯ ತಟ್ಟೆ

ಶಸ್ತ್ರಚಿಕಿತ್ಸೆಗೆ ಒಳಗಾದ ಶ್ರಾವಕನು ಗಾಯ ಮಾಯುವವರೆಗೆ ಏನನ್ನು, ಎಷ್ಟು ಉಣ್ಣಬೇಕು ಎಂಬುದು ಕೇವಲ ವೈದ್ಯರಿಗೆ ಬಿಟ್ಟ ವಿಷಯವೆಂದು ನಾನು ಬಹುಕಾಲ ತಿಳಿದಿದ್ದೆ. 2022ರ ದಶಲಕ್ಷಣ ಪರ್ವದಲ್ಲಿ ನನ್ನ ಅಕ್ಕ ಬಸದಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಅದು ನಮ್ಮ ಮನೆಯ ಧರ್ಮಪ್ರಶ್ನೆಯೂ ಆಯಿತು.

ಅಕ್ಕನಿಗೆ ಆಗ 71 ವರ್ಷ. ಎಂಟು ದಿನಗಳಿಂದ ಏಕಭುಕ್ತದಲ್ಲಿದ್ದಳು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ನಡೆಯಿತು. ಆದರೆ ಪರ್ವ ಮುಗಿದ ಮೇಲೂ ಆಕೆ ಏಕಭುಕ್ತವನ್ನು ಬಿಡಲಿಲ್ಲ. ಮಧ್ಯಾಹ್ನ ಒಂದು ಬಟ್ಟಲು ಅನ್ನದ ಗಂಜಿ, ಮೇಲೊಂದು ಚಮಚ ತುಪ್ಪ, ಅಷ್ಟೆ. ಇಂಥ ನೋವಿನಲ್ಲೂ ವ್ರತ ಸಡಿಲಲಿಲ್ಲವೆಂದು ನೋಡಬಂದವರೆಲ್ಲ ಹೊಗಳಿದರು. ಎಲ್ಲರಿಗಿಂತ ಹೆಚ್ಚು ಹೊಗಳಿದವನು ನಾನು. ಮೂರು ವಾರ ಕಳೆದರೂ ಗಾಯ ಕೂಡಲಿಲ್ಲ. ಸೊಂಟದ ಹಿಂದೆ ಹಾಸಿಗೆಹುಣ್ಣು ಎದ್ದಿತು. ವೈದ್ಯರು ಔಷಧ ಬದಲಿಸುವ ಮೊದಲು ತಟ್ಟೆಯಲ್ಲಿ ಏನಿರುತ್ತದೆ ಎಂದು ಕೇಳಿದರು.

ವ್ಯಾಪಾರಿಯಾದ ನನಗೆ ಅವರ ಮಾತು ಲೆಕ್ಕದ ಭಾಷೆಯಲ್ಲೇ ಅರ್ಥವಾಯಿತು. ಶಸ್ತ್ರಚಿಕಿತ್ಸೆಯಾದ ದೇಹಕ್ಕೆ ಖರ್ಚು ಏಕಾಏಕಿ ಏರುತ್ತದೆ. ಗಾಯವನ್ನು ಕೂಡಿಸುವ ಅಂಗಾಂಶ, ಸೋಂಕನ್ನು ಎದುರಿಸುವ ರಕ್ತಕಣ, ಪ್ರತಿಕಾಯ, ಇವೆಲ್ಲಕ್ಕೂ ಸಸಾರಜನಕ, ಅಂದರೆ ಪ್ರೋಟೀನು ಬೇಕು. ಹೊರಗಿನಿಂದ ಆದಾಯ ಬಾರದಿದ್ದರೆ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ; ಮೂಲಧನವನ್ನು ತಿಂದು ಅಂಗಡಿ ನಡೆಸಿದಂತೆ. ಇಂಥ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2ರಿಂದ 1.5 ಗ್ರಾಂ ಪ್ರೋಟೀನು ಬೇಕೆಂಬುದು ಇಂದಿನ ವೈದ್ಯರ ಸಾಮಾನ್ಯ ಎಣಿಕೆ. ಮೂತ್ರಪಿಂಡದ ತೊಂದರೆಯುಳ್ಳವರ ಲೆಕ್ಕ ಬೇರೆ. 50 ಕಿಲೋ ತೂಗುವ ಅಕ್ಕನಿಗೆ 60ರಿಂದ 75 ಗ್ರಾಂ ಆಯಿತು. ಆಕೆಯ ಗಂಜಿಯಲ್ಲಿದ್ದುದು ಎರಡು ಮೂರು ಗ್ರಾಂ!

ಹಾಗಾದರೆ ವ್ರತವನ್ನು ಬಿಡಬೇಕೆ? ಯಾವುದನ್ನು, ಏಕೆ ಎಂದು ಬಿಡಿಸಿ ಕೇಳದೆ ಉತ್ತರಿಸಲಾಗದು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ವಿಶೇಷಣವಿದೆ. ನಮ್ಮ ಶಕ್ತಿಯನ್ನು ನೋಡಿಕೊಂಡು ಎಂದು ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸಲ್ಲೇಖನೆಯನ್ನು ಹೇಳುವಾಗಲೂ ರೋಗವು ಪ್ರತೀಕಾರವಿಲ್ಲದ್ದಾಗಿರಬೇಕು ಎಂಬ ನಿಬಂಧನೆಯನ್ನಿಟ್ಟರು. ಆ ಆಚಾರ್ಯರಿಗೇ ಭಸ್ಮಕ ವ್ಯಾಧಿ ತಗುಲಿ, ಅವರು ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪದೆ, ಮುನಿವೇಷವನ್ನು ಬಿಟ್ಟಾದರೂ ಉಂಡು ಗುಣವಾಗಿ ಮತ್ತೆ ದೀಕ್ಷೆ ತೊಡುವಂತೆ ಹೇಳಿದರೆಂದು ಪರಂಪರೆಯ ಕಥೆಯಿದೆ. ಮಹಾವ್ರತಿಗೇ ಈ ದಾರಿಯಿದ್ದರೆ, ಮುರಿದ ಮೂಳೆ ಕೂಡುವ ಸಾಧ್ಯತೆಯಿರುವ ಗೃಹಸ್ಥೆಯ ಉಪವಾಸವನ್ನು ಹೊಗಳಿದ ನನ್ನ ನಾಲಗೆಯ ಬಗ್ಗೆ ಏನು ಹೇಳಲಿ!

ಆದರೆ ಪಥ್ಯದ ಹೆಸರಿನಲ್ಲಿ ಎಲ್ಲವನ್ನೂ ಸಡಿಲಿಸುವವರೂ ನಮ್ಮಲ್ಲಿದ್ದಾರೆ. ಮೊಟ್ಟೆ ತಿನ್ನದೆ ಗಾಯ ಮಾಯದು ಎಂದು ಒಬ್ಬ ಬಂಧು ವಾದಿಸಿದರು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಸ್ಥಾನದಲ್ಲಿ ಔಷಧಕ್ಕೂ ಮಾಂಸ ಬೇಡವೆಂದು ವಾದಿಸಿದ, ಕಲ್ಯಾಣಕಾರಕದ ಕರ್ತೃ ಉಗ್ರಾದಿತ್ಯಾಚಾರ್ಯರನ್ನು ಅವರು ಮರೆತಿದ್ದರು. ನೂರು ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಆರು, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ ಏಳೆಂಟು ಗ್ರಾಂ ಪ್ರೋಟೀನು ದೊರೆಯುತ್ತದೆ. ದ್ವಿದಳದ ನಿಯಮವಿರುವವರು ಬೇಳೆ, ಹಾಲುಗಳನ್ನು ಬೇರೆ ಬೇರೆ ಹೊತ್ತಿಗೆ ಇಟ್ಟುಕೊಂಡರಾಯಿತು. ಕಂದಮೂಲವನ್ನು ಬಿಟ್ಟುದರಿಂದ ಈ ಲೆಕ್ಕದಲ್ಲಿ ನಷ್ಟವೇನಿಲ್ಲ. ಗಾಯಕ್ಕೆ ಬೇಕಾದ ಸಿ ಜೀವಸತ್ವವನ್ನು ನೆಲ್ಲಿಕಾಯಿ, ಸೀಬೆ ಕೊಡುತ್ತವೆ. ಹಾಲನ್ನು ಕಡಿಮೆ ಕುಡಿಯುವವರು ಮಾತ್ರ ಬಿ12 ಜೀವಸತ್ವವನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು. ಅದರ ಔಷಧವನ್ನು ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ, ಪಶುಗಳಿಂದಲ್ಲ. ಆದರೆ ಅದನ್ನು ತುಂಬಿದ ಕೋಶ ಜೆಲಟಿನ್‌ನದೇ ಎಂಬುದನ್ನು ವಿಚಾರಿಸಬೇಕು. ರೋಗನಿರೋಧಕ ಶಕ್ತಿಗೆಂದು ಮಾರುವ ಕೆಲವು ವಿಶೇಷ ಪೇಯಗಳಲ್ಲಿ ಮೀನೆಣ್ಣೆಯಿರುತ್ತದೆ.

ರಾತ್ರಿಭೋಜನ ತ್ಯಾಗದ ವಿಷಯದಲ್ಲಿ ಯೋಜನೆ ಬೇಕು, ವಿನಾಯಿತಿ ಆಮೇಲಿನ ಮಾತು. ಅರಿವಳಿಕೆಗೆ ಮೊದಲು ಸಾಮಾನ್ಯವಾಗಿ ಲಘು ಆಹಾರಕ್ಕೆ ಆರು ಗಂಟೆ, ತಿಳಿನೀರಿಗೆ ಎರಡು ಗಂಟೆ ಅಂತರ ಸಾಕೆನ್ನುತ್ತಾರೆ. ಹಿಂದಿನ ಸಂಜೆಯಿಂದ ನೀರನ್ನೂ ಬಿಟ್ಟ ವ್ರತಿಗೆ ಮಧ್ಯಾಹ್ನ ಶಸ್ತ್ರಚಿಕಿತ್ಸೆಯೆಂದರೆ ಹದಿನೆಂಟು ಗಂಟೆ ನಿರಾಹಾರ. ಬೆಳಗಿನ ಸಮಯವನ್ನೇ ಕೊಡಿರೆಂದು ಕೇಳಬಹುದು. ಸೂರ್ಯೋದಯದ ಬಳಿಕ ನೀರು ಕುಡಿಯಬಹುದೇ ಎಂದು ವೈದ್ಯರನ್ನು ವಿಚಾರಿಸಬಹುದು. ಸಕ್ಕರೆ ರೋಗದವನಿಗೆ ರಾತ್ರಿ ಸಕ್ಕರೆ ಕುಸಿದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಕೊಡಬೇಕಾದುದನ್ನು ಕೊಟ್ಟು ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳಲಿ. ಅದೂ ಅಂತರಂಗ ತಪಸ್ಸೇ ತಾನೆ?

ಇಷ್ಟನ್ನೂ ನಾನು ಅಕ್ಕನಿಗೆ ಹೇಳಿದೆ. ಶಾಸ್ತ್ರದ ಮಾತಿಗೆ ಆಕೆ ಜಗ್ಗಲಿಲ್ಲ. "ನೀನೇ ಅಲ್ಲವೇನೋ ಹೊಗಳಿದವನು?" ಎಂದಳು. ಆಕೆಯ ಮನಸ್ಸು ತಿರುಗಿದ್ದು ಸೊಸೆಯನ್ನು ನೋಡಿ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅತ್ತೆಯನ್ನು ಮಗ್ಗುಲು ಮಾಡಿಸಿ ಹುಣ್ಣಿಗೆ ಆರೈಕೆ ಮಾಡುತ್ತಿದ್ದ ಆ ಹುಡುಗಿ ಒಂದು ಮುಂಜಾನೆ ಮಂಚದ ಕಾಲಿಗೆ ಒರಗಿಯೇ ನಿದ್ರೆಹೋಗಿದ್ದಳು. ವೈಯಾವೃತ್ಯವೂ ತಪಸ್ಸೇ. ಆದರೆ ತನ್ನ ತಪಸ್ಸು ಇನ್ನೊಬ್ಬರ ಮೇಲೆ ಇಷ್ಟು ಭಾರ ಹೊರಿಸುತ್ತಿದೆಯೆಂದು ಅಕ್ಕನಿಗೆ ಅಂದು ಕಂಡಿತು. ಏಕಭುಕ್ತವನ್ನು ಬಿಟ್ಟಳು, ಸೂರ್ಯಾಸ್ತದ ನಿಯಮವನ್ನು ಬಿಡಲಿಲ್ಲ. ಬೆಳಗಿನ ಏಳರಿಂದ ಸಂಜೆ ಆರರೊಳಗೆ ಆರು ಬಾರಿ ಸ್ವಲ್ಪಸ್ವಲ್ಪ ಉಂಡಳು. ಹುಣ್ಣು ನಿಧಾನವಾಗಿ ತುಂಬಿಕೊಂಡಿತು.

2023ರ ಪರ್ವದಲ್ಲಿ ಕೋಲೂರಿಕೊಂಡು ಬಸದಿಗೆ ಬಂದವಳು ಎರಡು ದಿನ ಮಾತ್ರ ಏಕಭುಕ್ತ ಮಾಡಿದಳು. ಉಳಿದ ಎಂಟು ದಿನ ಏಕೆ ಮಾಡಲಿಲ್ಲವೆಂದು ಯಾರೋ ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿ, "ಲೆಕ್ಕ ಅವನನ್ನು ಕೇಳಿ" ಎಂದಳು.