ಸಾಲಿಗೊಂದು ತುದಿ ಬೇಕು

'ರೀಲ್ಸ್ ನೋಡೋದು ಬಿಡೋಕಾಗ್ತಿಲ್ಲ' ಅಂದರೆ ಎಲ್ಲರದೂ ಒಂದೇ ಉಪದೇಶ: 'ಮನಸ್ಸು ಗಟ್ಟಿ ಮಾಡ್ಕೋ.' ಅಂದರೆ, ತಪ್ಪೆಲ್ಲಾ ನಿಮ್ಮ ಮನಸ್ಸಿನದ್ದೇ. ನನಗಿದು ಅರ್ಧ ಸತ್ಯ ಅನಿಸುತ್ತದೆ.

ನಮ್ಮ ಇಂಡಿ ಕಡೆ ಎತ್ತು ಹೂಡಿ ಉಳುವವರನ್ನು ನೋಡಿ. ಸಾಲು ಎಷ್ಟೇ ಉದ್ದವಿರಲಿ, ಬದುವಿಗೆ ಬಂದು ಮುಗಿಯುತ್ತದೆ. ಅಲ್ಲಿ ಎತ್ತು ನಿಲ್ಲುತ್ತವೆ. ರೈತ ಬೆವರು ಒರೆಸಿಕೊಂಡು, ಇನ್ನೊಂದು ಸಾಲು ಹೊಡೀಲೋ, ಎತ್ತು ಬಿಡಲೋ ಅಂತ ಯೋಚಿಸುತ್ತಾನೆ. ನಿರ್ಧಾರ ಹುಟ್ಟೋದು ಸಾಲಿನ ನಡುವೆ ಅಲ್ಲ, ತುದಿಯಲ್ಲಿ.

2006ರಲ್ಲಿ ಅಮೆರಿಕದ ವಿನ್ಯಾಸಕಾರ ಆಜಾ ರಾಸ್ಕಿನ್ 'ಇನ್ಫಿನಿಟ್ ಸ್ಕ್ರೋಲ್' ರೂಪಿಸಿದರು. 'ಮುಂದಿನ ಪುಟ' ಒತ್ತುವ ರಗಳೆ ತಪ್ಪಿತು, ಜೊತೆಗೆ ತುದಿಯೂ ಹೋಯಿತು. ಮುಂದೆ ಅವರೇ ಅದರ ಬಗ್ಗೆ ಬಹಿರಂಗವಾಗಿ ವಿಷಾದಿಸಿದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ಡೀಫಾಲ್ಟ್' ಅಂತೀವಿ: ಬಳಸುವವನು ಏನೂ ಮಾಡದಿದ್ದರೆ ಏನಾಗಬೇಕು ಅನ್ನೋದು. ಇಲ್ಲಿ ಡೀಫಾಲ್ಟ್ ಅಂದರೆ, ಮುಂದುವರಿಯೋದು. ನಿಲ್ಲಿಸೋಕೆ ಮಾತ್ರ ಶ್ರಮ ಬೇಕು.

ಈ ಡೀಫಾಲ್ಟನ್ನೇ ತಿರುಗಿಸಿದ ಒಂದು ಊರಿದೆ. ನಮ್ಮ ಜಿಲ್ಲೆಯ ಪಕ್ಕದ ಸಾಂಗಲಿಯ ಮೋಹಿತ್ಯಾಂಚೆ ವಡಗಾವ್. 2022ರಿಂದ ಅಲ್ಲಿ ಸಂಜೆ 7ಕ್ಕೆ ಗುಡಿಯ ಸೈರನ್ ಕೂಗಿದರೆ ಫೋನು, ಟಿ.ವಿ. ಎರಡೂ ಬಂದ್. 8.30ಕ್ಕೆ ಮತ್ತೊಂದು ಸೈರನ್. ಆ ಒಂದೂವರೆ ತಾಸು ಮಕ್ಕಳು ಓದಬೇಕು, ದೊಡ್ಡವರು ಮಾತಾಡಬೇಕು ಅನ್ನೋದು ಊರಿನ ಒಪ್ಪಂದ.

'ದೊಡ್ಡವರಿಗೂ ಸೈರನ್ ಬೇಕಾ? ಇದೆಂಥ ಸ್ವಾತಂತ್ರ್ಯ?' ಅಂತ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಊರಿನ ಕಟ್ಟುಪಾಡು ಎಷ್ಟು ಜನರ ಉಸಿರು ಕಟ್ಟಿಸಿದೆ ಅನ್ನೋದು ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತು. ಆದರೆ ಈಗಲೂ ನಾವೇನು ಬೇಲಿಯಿಲ್ಲದ ಬಯಲಲ್ಲಿ ಇಲ್ಲವಲ್ಲ. ನಮ್ಮ ಸಂಜೆ ಹೇಗೆ ಕಳೀಬೇಕು ಅಂತ ಯಾರೋ ಆಗಲೇ ತೀರ್ಮಾನಿಸಿಯಾಗಿದೆ, ನಮ್ಮನ್ನು ಕೇಳದೆ. ಗ್ರಾಮಸಭೆಯಲ್ಲಿ ಕನಿಷ್ಠ ಕೈ ಎತ್ತಿ ಬೇಡ ಅನ್ನಬಹುದು. ತಾನೇ ಒಪ್ಪಿ ಹಾಕಿಕೊಂಡ ಬದು ಸೆರೆಮನೆಯ ಗೋಡೆಯಲ್ಲ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಸೈರನ್ ಕೂಗಲ್ಲ, ನಿಜ. ಆದರೆ ರೂಮ್‌ಮೇಟ್ ಇರ್ತಾರೆ, ಹೆಂಡತಿ ಅಥವಾ ಗಂಡ ಇರ್ತಾರೆ. ಒಂಟಿಯಾಗಿ ಶಪಥ ಮಾಡೋದಕ್ಕಿಂತ ಅವರ ಜೊತೆ ಕೂತು ಒಂದು ಗಂಟೆ ಗೊತ್ತುಮಾಡಿ, ಎಲ್ಲರ ಫೋನನ್ನೂ ಒಂದೇ ಕಪಾಟಿನಲ್ಲಿಡಿ. ಅದೂ ಒಂದು ಸಣ್ಣ ಗ್ರಾಮಸಭೆಯೇ.