ಐದನೇ ಶೀಲದೊಳಗಿನ ‘ಸ್ಥಾನ’


*ಇಂದಿನ ಧಮ್ಮ ಚಿಂತನೆ*



ದಿನವೂ ಪಂಚಶೀಲ ಹೇಳುತ್ತೇವೆ. ಐದನೆಯ ಶೀಲದಲ್ಲಿ ಬರುವ ‘ಪಮಾದಟ್ಠಾನ’ ಎಂಬ ಪದದ ಹತ್ತಿರ ಇವತ್ತು ಸ್ವಲ್ಪ ನಿಲ್ಲೋಣ. ಪ್ರಮಾದ ಎಂದರೆ ಕನ್ನಡದಲ್ಲಿ ನಾವು ದೊಡ್ಡ ತಪ್ಪು, ಅನಾಹುತ ಎಂದು ಬಳಸುತ್ತೇವೆ. ಪಾಲಿಯಲ್ಲಿ ಪಮಾದ ಎಂದರೆ ಮೈಮರೆವು, ಎಚ್ಚರ ತಪ್ಪುವುದು. ‘ಠಾನ’ ನಮ್ಮ ‘ಸ್ಥಾನ’ವೇ: ನೆಲೆ, ಆಸ್ಪದ. ವ್ಯಾಖ್ಯಾನಕಾರರು ಇಲ್ಲಿ ಅದಕ್ಕೆ ‘ಕಾರಣ’ ಎಂಬ ಅರ್ಥ ಹೇಳುತ್ತಾರೆ. ಎಚ್ಚರ ತಪ್ಪಲು ಕಾರಣವಾಗುವ ಮದ್ಯ ಎಂದು. ಅದು ಸರಿಯೇ. ಆದರೆ ಕನ್ನಡ ಮೇಷ್ಟ್ರಾದ ನನಗೆ ಆ ಪದದಲ್ಲಿ ‘ಜಾಗ’ ಎಂಬುದೂ ಕೇಳಿಸುತ್ತದೆ. ಕುಡಿಯುವುದರ ಜೊತೆಗೆ ಕುಡಿಸುವ ಜಾಗವನ್ನೂ ಗಮನಿಸು ಎಂದು ಹೇಳಿದ ಹಾಗೆ.

ದೀಘ ನಿಕಾಯದ ಸಿಗಾಲೋವಾದ ಸುತ್ತ ನೋಡಿ. ರಾಜಗೃಹದ ಗೃಹಸ್ಥನ ಮಗ ಸಿಗಾಲನಿಗೆ ಬುದ್ಧರು ಸಂಪಾದನೆ ಸೋರಿಹೋಗುವ ಆರು ದಾರಿಗಳನ್ನು ಹೇಳುತ್ತಾರೆ: ಮದ್ಯ, ಹೊತ್ತಲ್ಲದ ಹೊತ್ತಿನಲ್ಲಿ ಬೀದಿ ಅಲೆಯುವುದು, ಆಟ ಕುಣಿತಗಳ ಕಡೆ ಓಡುವುದು, ಜೂಜು, ಕೆಟ್ಟ ಸಹವಾಸ, ಸೋಮಾರಿತನ. ಇವುಗಳಲ್ಲಿ ಲೋಟದೊಳಗಿನದು ಒಂದೇ. ಉಳಿದವುಗಳಲ್ಲಿ ಹೊತ್ತು, ಜಾಗ, ಜೊತೆಗಾರರ ಮಾತಿದೆ. ಆಟದ ಚಟ ಹತ್ತಿದವನ ಮನಸ್ಸು ಇವತ್ತು ಕುಣಿತ ಎಲ್ಲಿ, ಹಾಡು ಎಲ್ಲಿ, ವಾದ್ಯ ಎಲ್ಲಿ ಎಂದೇ ಹುಡುಕುತ್ತಿರುತ್ತದೆ ಎಂದು ಬುದ್ಧರು ಹೇಳುತ್ತಾರೆ. ‘ಎಲ್ಲಿ’ ಎಂಬ ಪ್ರಶ್ನೆ ಅವರಿಗೆ ಮುಖ್ಯವಾಗಿತ್ತು.

ಕಟ್ಟಡ ಮನುಷ್ಯನನ್ನು ನಡೆಸುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಸಂತೇಬೆನ್ನೂರಿನ ಪುಷ್ಕರಣಿಯನ್ನೇ ನೋಡಿ. 16ನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ್ದು. ನಡುವೆ ವಸಂತ ಮಂಟಪ. ಹೆಸರೇ ಹೇಳುವಂತೆ ಅದೂ ಉಳ್ಳವರ ಸಂತೋಷಕ್ಕೆ ಕಟ್ಟಿದ್ದೇ. ಆದರೆ ಅಲ್ಲಿ ಆಕಾಶ ಕಾಣುತ್ತದೆ, ಹೊತ್ತು ಇಳಿದದ್ದು ಗೊತ್ತಾಗುತ್ತದೆ. ಯಾವ ಮೆಟ್ಟಿಲ ಮೇಲೆ ನಿಂತರೂ ನಾಲ್ಕೂ ಕಡೆಯವರ ಕಣ್ಣಿಗೆ ಬೀಳುತ್ತೀರಿ. ಮೆಟ್ಟಿಲು ನಿಮ್ಮನ್ನು ನಿಧಾನ ಮಾಡುತ್ತದೆ.

ಈಗ ಬಾರ್ ಅಂಡ್ ರೆಸ್ಟೋರೆಂಟ್ ನೋಡೋಣ. ಹೋದ ವರ್ಷ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ಅವರು ತಾಲ್ಲೂಕಿನ ಒಂದು ಬಾರಿನಲ್ಲಿದ್ದಾರೆ ಎಂದು ಗೊತ್ತಾಗಿ ನಾನೇ ಹೋದೆ. ಹೊರಗೆ ಮಧ್ಯಾಹ್ನ ನಾಲ್ಕರ ಬಿಸಿಲು. ಬಾಗಿಲಿಗೆ ಕಪ್ಪು ಗಾಜು, ಆಮೇಲೆ ಪರದೆ, ಅದರಾಚೆ ಒಂದು ತಿರುವು. ಆ ತಿರುವು ದಾಟಿದರೆ ರಾತ್ರಿ. ಕಿಟಕಿ ಇಲ್ಲ. ನಾನು ಹುಡುಕಿ ನೋಡಿದೆ, ಗೋಡೆಗೆ ಗಡಿಯಾರವೂ ಇಲ್ಲ. ಟಿ.ವಿ.ಯಲ್ಲಿ ಜೋರಾಗಿ ಕುಣಿತದ ಹಾಡು. ಭುಜದೆತ್ತರದ ಹಲಗೆ ಹಾಕಿ ಕ್ಯಾಬಿನ್ ಮಾಡಿದ್ದಾರೆ. ಪಕ್ಕದವನು ಎಷ್ಟು ಕುಡಿದ ಎಂದು ನಿಮಗೆ ಕಾಣುವುದಿಲ್ಲ, ನಿಮ್ಮದು ಅವನಿಗೆ ಕಾಣುವುದಿಲ್ಲ. ಕೇಳದೆಯೇ ಉಪ್ಪು ಖಾರದ ಶೇಂಗಾ ಬರುತ್ತದೆ. ಖಾಲಿ ಬಾಟಲಿ ಮೇಜಿನ ಮೇಲೆ ನಿಲ್ಲುವುದಿಲ್ಲ, ಹುಡುಗ ಆಗಾಗ ಎತ್ತಿಕೊಂಡು ಹೋಗುತ್ತಾನೆ. ಎಣಿಸಬೇಕೆಂದರೂ ಎದುರಿಗೆ ಏನೂ ಇಲ್ಲ. ಬಿಲ್ಲು ಮಾತ್ರ ಕೇಳಿದ ಮೇಲೆಯೇ ಬರುತ್ತದೆ.

“ಬಂದು ಅರ್ಧ ಗಂಟೆ ಆಗಿರಬೇಕು ಸರ್” ಎಂದರು ಅವರು. ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅಡಿಕೆ ಸುಲಿದ ಕೂಲಿಯ ದುಡ್ಡು. ಸುಳ್ಳು ಹೇಳುವ ಮನುಷ್ಯ ಅವರಲ್ಲ. ಆ ಕೋಣೆಯೊಳಗೆ ಅವರಿಗೆ ನಿಜವಾಗಿಯೂ ಅರ್ಧ ಗಂಟೆಯೇ ಆಗಿತ್ತು. ಸಹಿ ಹಾಕಿ ಇನ್ನೊಂದು ಮಾತು ಹೇಳಿದರು: “ಇಲ್ಲಿ ನನ್ನನ್ನು ಅಣ್ಣಾ ಅಂತಾರೆ ಸರ್. ಯಾವ ಕೇರಿಯವನು ಅಂತ ಯಾರೂ ಕೇಳಲ್ಲ.”

ಈ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಕೋಣೆಯ ವಿಷಯ ಮುಗಿಸೋಣ.

ಇದೆಲ್ಲ ಲೋಕದಲ್ಲಿ ಅಳೆದು ನೋಡಿದ ವಿದ್ಯೆ. ಅಮೆರಿಕದ ರೊನಾಲ್ಡ್ ಮಿಲಿಮನ್ ಎಂಬ ಸಂಶೋಧಕ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೆಸ್ಟೋರೆಂಟಿನಲ್ಲಿ ನಿಧಾನ ಲಯದ ಸಂಗೀತ ಹಾಕಿದಾಗ ಜನ ಹೆಚ್ಚು ಹೊತ್ತು ಕುಳಿತರು. ಊಟದ ಖರ್ಚು ಅಷ್ಟಾಗಿ ಬದಲಾಗಲಿಲ್ಲ, ಮದ್ಯದ ಖರ್ಚು ಏರಿತು. 2012ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಒಂದೇ ಅಳತೆಯ ಬಿಯರನ್ನು ಎರಡು ಆಕಾರದ ಗ್ಲಾಸುಗಳಲ್ಲಿ ಕೊಟ್ಟು ನೋಡಿದರು. ನೇರ ಗ್ಲಾಸಿನಲ್ಲಿ ಕುಡಿದವರಿಗೆ ಸುಮಾರು 11 ನಿಮಿಷ ಹಿಡಿಯಿತು, ಬಾಗಿದ ಗ್ಲಾಸಿನವರು ಸುಮಾರು 7 ನಿಮಿಷಕ್ಕೇ ಮುಗಿಸಿದರು. ಅರ್ಧ ಎಲ್ಲಿಗೆ ಬಂತು ಎಂದು ಬಾಗಿದ ಗ್ಲಾಸಿನಲ್ಲಿ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಜೂಜಿನ ಮನೆಗಳ ವಿನ್ಯಾಸದ ಬಗ್ಗೆ ಬಿಲ್ ಫ್ರೀಡ್‌ಮನ್ ಎಂಬಾತ 2000ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಚಾವಣಿ ತಗ್ಗಿರಲಿ, ದಾರಿ ಸುತ್ತುಬಳಸಿರಲಿ, ತಿರುಗಿದ ಕಡೆಯೆಲ್ಲ ಯಂತ್ರವೇ ಎದುರಾಗಲಿ ಎಂಬುದು ಅವನ ಸಲಹೆ. ನಮ್ಮ ಕಡೆಯ ಹುಡುಗರು ಪಣಜಿಗೆ ಹೋಗಿ ಮಾಂಡೋವಿ ನದಿಯ ಹಡಗಿನ ಕ್ಯಾಸಿನೋ ಹತ್ತುತ್ತಾರಲ್ಲ, ಅಲ್ಲಿ ಎದ್ದು ದಡಕ್ಕೆ ಬರಬೇಕಾದರೂ ದೋಣಿಗೆ ಕಾಯಬೇಕು. ಕೈಯಲ್ಲಿರುವುದು ನೋಟಲ್ಲ, ಬಣ್ಣದ ಬಿಲ್ಲೆ. ಬಿಲ್ಲೆ ಹೋದರೆ ದುಡ್ಡು ಹೋದಂತೆ ಅನ್ನಿಸುವುದಿಲ್ಲ.

ಕುಣಿತದ ಬಾರುಗಳಲ್ಲೂ ಇದೇ ಲೆಕ್ಕ. ಬೆಳಕೆಲ್ಲ ವೇದಿಕೆಯ ಹೆಣ್ಣುಮಕ್ಕಳ ಮೇಲೆ, ಕತ್ತಲೆಲ್ಲ ನೋಡುವ ಗಂಡಸರ ಮೇಲೆ. ಬೆಂಗಳೂರಿನ ಲೈವ್ ಬ್ಯಾಂಡ್‌ಗಳಿಗೆ ಪರವಾನಗಿ ಬೇಕೆಂದು 2005ರಲ್ಲಿ ಆದೇಶ ಬಂತು. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರದ ಡಾನ್ಸ್ ಬಾರುಗಳ ವ್ಯಾಜ್ಯದಲ್ಲಿ 2019ರ ಜನವರಿಯ ತೀರ್ಪು, ವೇದಿಕೆಗೂ ಬಾರಿಗೂ ನಡುವೆ ಗೋಡೆ ಇರಬೇಕು, ಒಳಗೆ ಕ್ಯಾಮೆರಾ ಇರಬೇಕು ಎಂಬ ಷರತ್ತುಗಳನ್ನು ತೆಗೆದುಹಾಕಿತು. ಭಕ್ಷೀಸು ಕೊಡಬಹುದು ಎಂದಿತು, ನೋಟು ಎರಚುವುದಕ್ಕೆ ಇದ್ದ ನಿಷೇಧವನ್ನು ಉಳಿಸಿತು. ಯೋಚಿಸಿ: ನೋಟು ಕೈಗೆ ಕೊಟ್ಟರೆ ಎದುರಿಗೆ ಒಬ್ಬ ಮನುಷ್ಯಳು ನಿಂತಿರುತ್ತಾಳೆ. ಎರಚಿದರೆ ಆಕೆ ಗೊಂಬೆಯಾಗುತ್ತಾಳೆ, ನಿಮ್ಮ ಕೂಲಿ ಹೂವಿನ ಎಸಳಾಗುತ್ತದೆ. ವೇದಿಕೆಯ ಮೇಲೆ ನಿಲ್ಲುವವರು ಬಹುಪಾಲು ಯಾರ ಮನೆಯ ಹೆಣ್ಣುಮಕ್ಕಳು ಎಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. 1936ರಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ದೇವದಾಸಿ, ಜೋಗಿಣಿ ಹೆಣ್ಣುಮಕ್ಕಳನ್ನು ಸೇರಿಸಿ, ಆ ಬದುಕು ಬಿಟ್ಟು ಬನ್ನಿ ಎಂದು ಕರೆದದ್ದು ಇದೇ ನೋವಿನಿಂದ.

ಜಾಗದ ಮಹಿಮೆ ಕಾನೂನಿಗೂ ಗೊತ್ತು. ಕರ್ನಾಟಕದ 1967ರ ಅಬಕಾರಿ ಪರವಾನಗಿ ಸಾಮಾನ್ಯ ಷರತ್ತುಗಳ ನಿಯಮ, ಶಾಲೆ, ಆಸ್ಪತ್ರೆ, ಧಾರ್ಮಿಕ ಸ್ಥಳಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎನ್ನುತ್ತದೆ. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಬೇಡ ಎಂದು ಅದೇ ನಿಯಮದಲ್ಲಿದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ದಯವಿಟ್ಟು ತಿಳಿದಿರಿ. ದಾರಿ ತಪ್ಪಿಸುವವರ ಜಾಣತನವೂ ಕಡಿಮೆಯಲ್ಲ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದಾಗ, ಕೇರಳದ ಪರವೂರಿನ ಒಂದು ಬಾರಿನವರು ಬಾಗಿಲ ಮುಂದೆ ಹಾವಿನಂತೆ ಸುತ್ತುವ ಗೋಡೆಗಳ ದಾರಿ ಕಟ್ಟಿ ದೂರವನ್ನು ಹೆಚ್ಚಿಸಿದರು! ಬಾರು ಇದ್ದ ಜಾಗದಲ್ಲೇ ಇತ್ತು.

“ಮನಸ್ಸು ಗಟ್ಟಿ ಇದ್ದರೆ ಇದೆಲ್ಲ ಏನೂ ಮಾಡಲ್ಲ ಸರ್” ಎನ್ನುವವರಿದ್ದಾರೆ. ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ದ ಮೊದಲ ಭಾಗ ತೆಗೆಯಿರಿ. ಮಗ ಸಂನ್ಯಾಸಿಯಾಗದಿರಲಿ ಎಂದು ಶುದ್ಧೋದನ ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ಮೂರು ವಿಲಾಸದ ಅರಮನೆಗಳನ್ನು ಕಟ್ಟಿಸಿ, ಸುತ್ತ ಉದ್ಯಾನ ಬೆಳೆಸಿ, ಒಳಗೆ ಹೆಣ್ಣುಮಕ್ಕಳನ್ನು ತುಂಬಿದ. ಉಪದೇಶ ಮಾಡಿ ಮಗನನ್ನು ಕಟ್ಟಿಹಾಕಲಾಗದು, ಕಟ್ಟಡ ಬೇಕು ಎಂದು ಆ ತಂದೆಗೆ ಗೊತ್ತಿತ್ತು. ಸಿದ್ಧಾರ್ಥ ಅದಕ್ಕೆ ಸಿಕ್ಕಲಿಲ್ಲ ನಿಜ. ಅವನನ್ನು ಹೊರಗೆ ಎಳೆದದ್ದು ಯಾವುದು? ಬಾಬಾಸಾಹೇಬರ ಪ್ರಕಾರ ರೋಹಿಣಿ ನದಿಯ ನೀರಿನ ಜಗಳ. ಶಾಕ್ಯ ಸಂಘದ ಸಭೆಯಲ್ಲಿ ಎದ್ದು ನಿಂತು ಯುದ್ಧ ಬೇಡ ಎನ್ನುವ ಕೆಲಸ ಅವನಿಗಿತ್ತು. ಅರಮನೆಯ ಆಚೆ ಅವನ ಮಾತಿಗೆ ಒಂದು ಜಾಗವಿತ್ತು, ಅವನನ್ನು ಎಣಿಸುವ ಸಭೆಯಿತ್ತು.

ಇಲ್ಲಿ ಆ ತಂದೆ ಹೇಳಿದ ಮಾತಿಗೆ ಬರುತ್ತೇನೆ. ಬಾರಿನಲ್ಲಿ ಜಾತಿ ಕೇಳುವುದಿಲ್ಲ. ಕೆರೆ, ಬಾವಿ, ಗುಡಿ, ಹೋಟೆಲಿನ ಬೇರೆ ಲೋಟ ಕಂಡವರು ನಾವು. ಚೌದಾರ್ ಕೆರೆಯ ನೀರು ಮುಟ್ಟಲು 1927ರಲ್ಲಿ ಮಹಾಡಿಗೆ ಮೆರವಣಿಗೆ ಹೋಗಬೇಕಾಯಿತು. ಊರಿನ ಎಷ್ಟೋ ಬಾಗಿಲು ಮುಚ್ಚಿದ್ದಾಗ, ಅಣ್ಣಾ ಎಂದು ಕರೆಯುವ ಬಾಗಿಲು ಇದೊಂದೇ ಎಂದು ಒಬ್ಬ ಕೂಲಿಕಾರನಿಗೆ ಅನ್ನಿಸಿದರೆ ಅವನನ್ನು ಬೈಯುವುದು ನನಗೆ ಸಾಧ್ಯವಿಲ್ಲ. ಅವನು ಹುಡುಕುತ್ತಿರುವುದು ಸರಿಯಾದದ್ದನ್ನೇ. ಆದರೆ ಆ ಸಮಾನತೆಗೆ ಕತ್ತಲೆ ಬೇಕು. ಪಕ್ಕದಲ್ಲಿ ಕುಳಿತವನು ಯಾರೆಂದು ಕಾಣದಿದ್ದರೆ ಮಾತ್ರ ಅದು ನಡೆಯುತ್ತದೆ. ಬಿಲ್ಲು ಕಟ್ಟಿ ಪರದೆ ಸರಿಸಿ ಹೊರಗೆ ಬಂದ ಕೂಡಲೇ ಮುಗಿಯುತ್ತದೆ, ಅಷ್ಟು ಹೊತ್ತಿಗೆ ಮಗಳ ಪುಸ್ತಕದ ದುಡ್ಡೂ ಮುಗಿದಿರುತ್ತದೆ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ, ಮದ್ಯ ಕುಡಿಯುವುದಿಲ್ಲ ಎಂಬುದೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು. ಹಗಲು ಬೆಳಕಿನಲ್ಲಿ, ಹೆಸರು ಹಿಡಿದು ಕರೆದು, ಎದುರು ಕೂರಿಸಿಕೊಳ್ಳುವ ಸಮಾನತೆ ನಮಗೆ ಬೇಕು.

ಹಾಗಾದರೆ ನಾವು ಏನು ಮಾಡಬೇಕು? ಕುಡಿಯಬೇಡ ಎಂದು ಹೇಳಿ ಮನೆಗೆ ಹೋದರೆ ಸಾಲದು. ಅವರು ಒಂದು ಸ್ಥಾನ ಕಟ್ಟಿದ್ದಾರೆ, ನಾವೂ ಒಂದು ಕಟ್ಟಬೇಕು. ಅಪ್ಪಮಾದಕ್ಕೂ, ಅಂದರೆ ಎಚ್ಚರಕ್ಕೂ, ಒಂದು ಠಾನ ಬೇಕು.

ನಾಲ್ಕು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ:

1️⃣ ನಮ್ಮ ಅಧ್ಯಯನ ಬಳಗದ ಸಭೆ ಇನ್ನು ಮುಂದೆ ಸಂಜೆ ಆರರಿಂದ ಎಂಟರವರೆಗೆ ಇರಲಿ. ಕೂಲಿ ಮುಗಿಸಿದವನ ಕಾಲು ಎಲ್ಲಿಗೆ ಹೋಗಬೇಕೆಂದು ಯೋಚಿಸುವ ಹೊತ್ತು ಅದೇ.

2️⃣ ಬಾಗಿಲು ಪೂರ್ತಿ ತೆರೆದಿರಲಿ, ದೀಪ ಬೀದಿಗೂ ಕಾಣಲಿ. ಗೋಡೆಗೆ ದೊಡ್ಡ ಗಡಿಯಾರ ಹಾಕೋಣ.

3️⃣ ಸಾಲಾಗಿ ಬೇಡ, ವೃತ್ತವಾಗಿ ಕೂರೋಣ. ಹೊಸಬರು ಬಂದರೆ ಹೆಸರು ಹಿಡಿದು ಅಣ್ಣಾ, ಅಕ್ಕಾ ಎಂದು ಕರೆಯೋಣ. ಒಂದೇ ಬಗೆಯ ಲೋಟದಲ್ಲಿ ಎಲ್ಲರಿಗೂ ಟೀ.

4️⃣ ಕೂಲಿ ಬಟವಾಡೆಯ ದಿನ ಮನೆಗೆ ಹೋಗುವ ದಾರಿಯಲ್ಲಿ ಒಬ್ಬರಿಗೊಬ್ಬರು ಜೊತೆಯಾಗೋಣ. ಸಿಗಾಲನಿಗೆ ಬುದ್ಧರು ಹೇಳಿದ ಒಳ್ಳೆಯ ಗೆಳೆಯನ ಲಕ್ಷಣಗಳಲ್ಲಿ ಒಂದು, ಮೈಮರೆತ ಹೊತ್ತಿನಲ್ಲಿ ಕಾಯುವುದು.

ಕುಡಿದು ಬಂದವರನ್ನು ಬಾಗಿಲಲ್ಲೇ ತಡೆಯಬೇಡಿ. ಒಳಗೆ ಕರೆದು ನೀರು ಕೊಡಿ, ಕೂರಲು ಜಾಗ ಕೊಡಿ.

ಮುಂದಿನ ಭಾನುವಾರದ ಪಾಠ ಸಿಗಾಲೋವಾದ ಸುತ್ತ. ಪ್ರತಿಯೊಬ್ಬರೂ ಇನ್ನೊಬ್ಬರನ್ನು ಕರೆತನ್ನಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ, ಜೈ ಭೀಮ್ 💙